ಪೈಥಾನ್ ಭಾಷೆಯೂ ಹೊಸ ಕಲಿಗರ ತೊಡಕುಗಳೂ

ಯಾವ ವಿದ್ಯೆಯೇ ಆಗಲಿ, ಅದನ್ನು ಮೊದಲು ಕಲಿಯತೊಡಗಿದವರಿಗೆ ಕಷ್ಟವಾಗಿ ತೋರುವುದು ಸಹಜ. ಆದರೆ ಆ ಕಷ್ಟವು ವಿದ್ಯೆಯ ಸ್ವಭಾವದಿಂದ ಬಂದುದೋ, ಕಲಿಯುವವನ ಬುದ್ಧಿಮಾಂದ್ಯದಿಂದ ಬಂದುದೋ, ಅಥವಾ ಆ ವಿದ್ಯೆಯನ್ನು ಕಟ್ಟಿದವರು ಒಂದಾನೊಂದು ಕಾಲದಲ್ಲಿ ಕೈಕೊಂಡ ಯಾವುದೋ ನಿರ್ಣಯದಿಂದ ಬಂದುದೋ ಎಂಬುದನ್ನು ವಿವೇಚಿಸುವವರು ವಿರಳ. ಈ ಮೂರನೆಯ ಕಾರಣವನ್ನು ತಿಳಿಯಬೇಕಾದರೆ ಆ ವಿದ್ಯೆಯ ಚರಿತ್ರೆಯನ್ನು ನೋಡಬೇಕಾಗುವುದು. ಪ್ರಕೃತ ಲೇಖನದಲ್ಲಿ ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆಯುವ ಪೈಥಾನ್ ಎಂಬ ಭಾಷೆಯ ವಿಷಯದಲ್ಲಿ ಅಂತಹ ವಿಚಾರವೊಂದನ್ನು ಮಾಡಬೇಕೆಂದು ಉದ್ದೇಶಿಸಿದ್ದೇನೆ.

ಈ ವಿಚಾರವು ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುದಲ್ಲ. ಎನ್.ಸಿ.ಇ.ಆರ್.ಟಿ.ಯವರು ೧೧ನೆಯ ಮತ್ತು ೧೨ನೆಯ ತರಗತಿಗಳಿಗಾಗಿ ಪ್ರಕಟಿಸಿರುವ ಕಂಪ್ಯೂಟರ್ ವಿಜ್ಞಾನದ ಪುಸ್ತಕಗಳಲ್ಲಿ ಪಾಠಕ್ಕೆ ಆರಿಸಿಕೊಂಡಿರುವ ಭಾಷೆಯು ಇದೇ. ಆದಕಾರಣ ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗರೂ ಹುಡುಗಿಯರೂ ಈ ಭಾಷೆಯೊಡನೆ ಹೆಣಗುತ್ತಿದ್ದಾರೆ. ಎರಡು ದಿನ ಯಂತ್ರದ ಮುಂದೆ ಕುಳಿತು, ಅದು ತೋರಿಸುವ ದೋಷವಾಕ್ಯವನ್ನು ಹತ್ತಾರು ಸಲ ಕಂಡು, “ಇದು ನನ್ನ ತಲೆಗೆ ಹತ್ತುವುದಲ್ಲ” ಎಂದು ಎದ್ದುಹೋಗುವ ಮಕ್ಕಳುಂಟು. ತಂದೆತಾಯಿಗಳೂ “ಇವನಿಗೆ ಆ ಬುದ್ಧಿಯಿಲ್ಲ” ಎಂದು ತೀರ್ಪು ಹೇಳಿಬಿಡುವರು. ಹೀಗೆ ಒಂದು ಜೀವನದ ದಾರಿಯೇ ಬದಲಾಗುವುದುಂಟು. ಆದರೆ ಆ ಮಕ್ಕಳು ಎಡವಿದ ಕಲ್ಲುಗಳಲ್ಲಿ ಬಹುಪಾಲು ಇಂತಹ ವರ್ಷದಲ್ಲಿ, ಇಂತಹವರಿಂದ, ಇಂತಹ ಕಾರಣಕ್ಕಾಗಿ ದಾರಿಯಲ್ಲಿ ಇಡಲ್ಪಟ್ಟುವು ಎಂದು ತೋರಿಸಲು ಸಾಧ್ಯವಾಗಿದೆ. ಕೆಲವನ್ನು ಹೊಸ ಕಲಿಗರ ದೂರನ್ನು ಕೇಳಿಯೇ ತೆಗೆದುಹಾಕಿದರು ಎಂಬುದೂ ಚರಿತ್ರೆಯಿಂದ ತಿಳಿದುಬರುವುದು.

೧. ಭಾಷೆಯ ಹುಟ್ಟು

ನೆದರ್ಲೆಂಡ್ಸ್ ದೇಶದ ಆಮ್ಸ್ಟರ್‌ಡ್ಯಾಮ್ ನಗರದಲ್ಲಿ ಗಣಿತ ಮತ್ತು ಗಣಕ ಶಾಸ್ತ್ರಗಳ ಸಂಶೋಧನೆಗಾಗಿ ೧೯೪೬ರಲ್ಲಿ ಒಂದು ಸಂಸ್ಥೆಯು ಸ್ಥಾಪಿತವಾಯಿತು. ಅದನ್ನು ಈಗ ಸಿ.ಡಬ್ಲ್ಯು.ಐ. ಎಂದು ಕರೆಯುತ್ತಾರೆ. ಅಲ್ಲಿ ಲಿಯೋ ಖ್ಯೂರ್ಟ್ಸ್, ಲ್ಯಾಂಬರ್ಟ್ ಮೇರ್ಟೆನ್ಸ್ ಎಂಬ ವಿದ್ವಾಂಸರೂ, ಅನಂತರ ಅವರೊಡನೆ ಸೇರಿದ ಸ್ಟೀವನ್ ಪೆಂಬರ್ಟನ್ ಅವರೂ ಗಣಕಶಾಸ್ತ್ರವನ್ನು ಅರಿಯದ ಸಾಮಾನ್ಯರಿಗೂ ಸುಲಭವಾಗುವಂತಹ ಒಂದು ಭಾಷೆಯನ್ನು ರಚಿಸಿದರು. ಅದಕ್ಕೆ ಮೊದಲು ‘ಬಿ’ ಎಂದೂ ಆಮೇಲೆ ‘ಎ.ಬಿ.ಸಿ.’ ಎಂದೂ ಹೆಸರಾಯಿತು. ಖಿಡೋ ವಾನ್ ರಾಸಮ್ ಎಂಬ ತರುಣನು ೧೯೮೨ರಲ್ಲಿ ಆ ಸಂಸ್ಥೆಯನ್ನು ಸೇರಿ ಈ ಎ.ಬಿ.ಸಿ.ಯ ಕೆಲಸದಲ್ಲಿ ತೊಡಗಿದನು. ಎ.ಬಿ.ಸಿ.ಯು ಸುಂದರವಾದ ಭಾಷೆಯಾಗಿದ್ದರೂ ಹೊರಜಗತ್ತಿನಲ್ಲಿ ಬೇರೂರಲಿಲ್ಲ.

೧೯೮೯ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯ ದಿನಗಳಲ್ಲಿ, ವಾನ್ ರಾಸಮ್ ತನ್ನದೇ ಆದ ಹೊಸ ಭಾಷೆಯೊಂದನ್ನು ರಚಿಸತೊಡಗಿದನು. ಎ.ಬಿ.ಸಿ.ಯ ಗುಣಗಳನ್ನು ಉಳಿಸಿಕೊಂಡು, ಅದರ ಕುಂದುಗಳನ್ನು ಬಿಟ್ಟು, ‘ಸಿ’ ಎಂಬ ಪ್ರಸಿದ್ಧ ಭಾಷೆಯನ್ನು ಬಲ್ಲವರಿಗೂ ಹಿಡಿಸುವಂತೆ ಅದನ್ನು ಕಟ್ಟಬೇಕೆಂಬುದು ಅವನ ಸಂಕಲ್ಪವಾಗಿದ್ದಿತು. ಪೈಥಾನ್ ಎಂದರೆ ಹೆಬ್ಬಾವು. ಆದರೆ ಭಾಷೆಗೆ ಆ ಹೆಸರು ಬಂದುದು ಸರ್ಪದಿಂದಲ್ಲ. ಬ್ರಿಟಿಷ್ ದೂರದರ್ಶನದಲ್ಲಿ ಪ್ರಸಾರವಾಗಿದ್ದ ‘ಮಾಂಟಿ ಪೈಥಾನ್’ ಎಂಬ ವಿನೋದ ಮಂಡಲಿಯಿಂದ. ೧೯೯೧ರ ಫೆಬ್ರವರಿಯಲ್ಲಿ ಅದರ ಮೊದಲ ಪಾಠವು, ೦.೯.೦ ಎಂಬ ಅಂಕಿತದಿಂದ, ಲೋಕಕ್ಕೆ ಬಿಡುಗಡೆಯಾಯಿತು.

ಇಂತಹ ಭಾಷೆಗಳನ್ನು ಸ್ಕ್ರಿಪ್ಟಿಂಗ್ ಭಾಷೆಗಳೆನ್ನುವರು. ಸಿ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮನ್ನು ಮೊದಲೇ ಪೂರ್ತಿಯಾಗಿ ಯಂತ್ರಭಾಷೆಗೆ ತಿರುಗಿಸಿ, ಬಳಿಕ ನಡೆಸಬೇಕು. ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಇಂಟರ್‌ಪ್ರಿಟರ್ ಎಂಬ ದ್ವಿಭಾಷಿಯೊಬ್ಬನು ನಡುವೆ ನಿಂತು, ಬರೆದುದನ್ನು ಓದಿ ಒಡನೆಯೇ ನಡೆಸುತ್ತಾನೆ. ಆದಕಾರಣ ಕಲಿಯುವವನಿಗೆ ತನ್ನ ತಪ್ಪೂ ಒಡನೆಯೇ ಗೋಚರವಾಗುವುದು. ಇದು ಈ ಭಾಷೆಗಳ ಗುಣ. ಎಳೆಯ ಮನಸ್ಸಿಗೆ ಇದೇ ಭಯಕಾರಣವೂ ಆಗಿದೆ.

೨. ತೆರಪು ಮತ್ತು ಕೋಲನ್

ಹೊಸ ಕಲಿಗನಿಗೆ ಎದುರಾಗುವ ಮೊದಲನೆಯ ತೊಡಕು ಸಾಲಿನ ಮೊದಲಲ್ಲಿ ಬಿಡಬೇಕಾದ ತೆರಪು. ಇಂತಹ ಆಜ್ಞೆಗಳೆಲ್ಲವೂ ಇಂತಹ ನಿಬಂಧನೆಗೆ ಒಳಪಟ್ಟುವು ಎಂಬುದನ್ನು ಇತರ ಅನೇಕ ಭಾಷೆಗಳಲ್ಲಿ ಆವರಣ ಚಿಹ್ನೆಗಳಿಂದ ಸೂಚಿಸುವರು. ಪೈಥಾನಿನಲ್ಲಿಯಾದರೋ ಆ ಸಾಲುಗಳನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆಯುವುದರಿಂದಲೇ ಸೂಚಿಸಬೇಕು. ಈ ಆಲೋಚನೆಯು ವಾನ್ ರಾಸಮ್‌ನದಲ್ಲ. ಬ್ರಿಟಿಷ್ ವಿದ್ವಾಂಸನಾದ ಪೀಟರ್ ಲ್ಯಾಂಡಿನ್ ೧೯೬೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂತಹ ನಿಯಮವನ್ನು ಸೂಚಿಸಿದ್ದನು, ಎ.ಬಿ.ಸಿ. ಇದನ್ನು ಕೈಕೊಂಡಿತು, ಪೈಥಾನ್ ಅದನ್ನು ಅಲ್ಲಿಂದ ಪಡೆಯಿತು. ಓದುವವನ ಕಣ್ಣಿಗೆ ಕಾಣುವ ರೂಪವೂ ಯಂತ್ರವು ಗ್ರಹಿಸುವ ಅರ್ಥವೂ ಒಂದೇ ಆಗಿರಬೇಕೆಂಬುದು ಇದರ ತಾತ್ಪರ್ಯ.

ಆದರೆ ಈ ನಿಯಮಕ್ಕೆ ಒಂದು ಹಳೆಯ ಶತ್ರುವಿದ್ದಿತು. ಬೆರಳಚ್ಚು ಯಂತ್ರದಲ್ಲಿ ಕೋಷ್ಟಕಗಳನ್ನು ಬರೆಯುವುದಕ್ಕಾಗಿ ಏರ್ಪಟ್ಟ ‘ಟ್ಯಾಬ್’ ಎಂಬ ಕೀಲಿಯು ಕಂಪ್ಯೂಟರಿಗೂ ಬಂದಿತು. ಒಂದು ಟ್ಯಾಬನ್ನು ೮ ತೆರಪುಗಳಷ್ಟೆಂದು ಯೂನಿಕ್ಸ್ ಸಂಪ್ರದಾಯವು ಎಣಿಸಿದರೆ, ಬರವಣಿಗೆಯ ತಂತ್ರಾಂಶಗಳಲ್ಲಿ ಅನೇಕವು ಅದನ್ನು ೪ ತೆರಪುಗಳಂತೆ ತೋರಿಸಿದುವು. ಒಂದು ಸಾಲಿನಲ್ಲಿ ಟ್ಯಾಬನ್ನೂ ಮತ್ತೊಂದರಲ್ಲಿ ಬಿಡಿ ತೆರಪುಗಳನ್ನೂ ಬಳಸಿದರೆ ಕಣ್ಣಿಗೆ ಎರಡೂ ಸಮನಾಗಿ ಕಂಡರೂ ಯಂತ್ರಕ್ಕೆ ಅವು ಬೇರೆ ಬೇರೆ. ಕಣ್ಣಿಗೆ ಕಂಡುದೇ ಅರ್ಥವೆಂಬ ಮೂಲತತ್ತ್ವವೇ ಇಲ್ಲಿ ಮುರಿದುಬೀಳುತ್ತಿದ್ದಿತು. ೨೦೦೧ರಲ್ಲಿ ಪ್ರಕಟವಾದ ‘ಪೆಪ್ ೮’ ಎಂಬ ಲೇಖನವಿಧಿಯು ನಾಲ್ಕು ತೆರಪುಗಳನ್ನೇ ಬಳಸಬೇಕೆಂದು ಉಪದೇಶಿಸಿತು. ೨೦೦೮ರ ಮೂರನೆಯ ಆವೃತ್ತಿಯಲ್ಲಿ ಇವೆರಡನ್ನೂ ಅಸ್ಪಷ್ಟವಾಗಿ ಬೆರೆಸುವುದನ್ನು ದೋಷವೆಂದೇ ಸಾರಿ ನಿಷೇಧಿಸಲಾಯಿತು. ವಿದ್ಯಾರ್ಥಿಗೆ ಇದರ ಪರಿಹಾರವು ಸುಲಭ: ಟ್ಯಾಬ್ ಕೀಲಿಯನ್ನು ಒತ್ತಿದಾಗ ನಾಲ್ಕು ತೆರಪುಗಳೇ ಬೀಳುವಂತೆ ತನ್ನ ಬರವಣಿಗೆಯ ತಂತ್ರಾಂಶವನ್ನು ಮೊದಲೇ ಅಣಿಗೊಳಿಸಿಕೊಳ್ಳಬೇಕು.

ತೆರಪಿಗೆ ಸಂಬಂಧಪಟ್ಟ ಇನ್ನೊಂದು ವಸ್ತುವೆಂದರೆ ಹಿಂದಿನ ಸಾಲಿನ ಕೊನೆಯಲ್ಲಿ ಬರಬೇಕಾದ ‘:’ ಎಂಬ ಕೋಲನ್. ಇದನ್ನು ಮರೆಯದ ವಿದ್ಯಾರ್ಥಿಯಿಲ್ಲ. ಒಳಸರಿದ ಸಾಲುಗಳಿಂದಲೇ ಅರ್ಥವಾಗುವಾಗ ಇದೇಕೆ ಬೇಕೆಂದು ಕೇಳುವುದು ನ್ಯಾಯವೇ ಸರಿ. ಇದರ ಹಿಂದೆ ಒಂದು ಸ್ವಾರಸ್ಯವಾದ ವೃತ್ತಾಂತವಿದೆ. ೧೯೭೮ರಲ್ಲಿ ಪೋಲೆಂಡಿನ ಯಾಬ್ವೊನ್ನಾ ಎಂಬಲ್ಲಿಯ ಒಂದು ಬಂಗಲೆಯಲ್ಲಿ ಮೇರ್ಟೆನ್ಸ್, ರಾಬರ್ಟ್ ಡೀವರ್ ಮೊದಲಾದ ವಿದ್ವಾಂಸರು ಸೇರಿ, ಎ.ಬಿ.ಸಿ.ಯ ಪೂರ್ವರೂಪಕ್ಕೆ ಯಾವ ವಾಕ್ಯರಚನೆ ಒಪ್ಪುವುದೆಂದು ಚರ್ಚಿಸುತ್ತಿದ್ದರು. ಒಮ್ಮತವಾಗದಿರಲು, ಡೀವರ್ ಅವರ ಪತ್ನಿಯನ್ನು ಕರೆದು ಅಭಿಪ್ರಾಯವನ್ನು ಕೇಳಿದರು. ಆಕೆಯು ಬರೆದುದನ್ನು ನೋಡಿ, ಆವರ್ತನವನ್ನು ಸೂಚಿಸುವ ಮೊದಲ ಸಾಲಿನ ಆಜ್ಞೆಯು ಆ ಸಾಲಿಗೆ ಮಾತ್ರವಲ್ಲದೆ ಮುಂದಿನ ಸಾಲುಗಳಿಗೂ ಅನ್ವಯಿಸುವುದೇ ಎಂದು ಆಶ್ಚರ್ಯದಿಂದ ಕೇಳಿದಳು. ಆ ಸಾಲಿನ ಕೊನೆಯಲ್ಲೊಂದು ಕೋಲನ್ ಇದ್ದರೆ ‘ಮುಂದೆ ಹೇಳುವುದೂ ಇದಕ್ಕೇ ಸೇರಿದುದು’ ಎಂದು ಸೂಚಿತವಾಗಿ ಈ ಸಂದೇಹವು ಪರಿಹಾರವಾಗುವುದೆಂದು ವಿದ್ವಾಂಸರಿಗೆ ಆಗ ಹೊಳೆಯಿತು. ಅಂದು ಹುಟ್ಟಿದ ಆ ಚಿಹ್ನೆಯು ಎ.ಬಿ.ಸಿ.ಯ ಮೂಲಕ ಪೈಥಾನಿಗೆ ಬಂದಿತು. ಶಾಸ್ತ್ರಜ್ಞರಿಗೆ ಕಾಣದಿದ್ದ ಕೊರತೆಯು ಹೊರಗಿನವಳೊಬ್ಬಳ ಒಂದು ಪ್ರಶ್ನೆಯಿಂದ ಬೆಳಕಿಗೆ ಬಂದಿತೆಂಬುದನ್ನು ವಾಚಕರು ಗಮನದಲ್ಲಿಡಬೇಕಾಗಿ ಪ್ರಾರ್ಥನೆ.

೩. ಒಂದು ಗೆರೆಯ ಸಮಚಿಹ್ನೆ, ಎರಡು ಸಮಚಿಹ್ನೆ

‘=’ ಎಂಬ ಸಮಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ ಎಂಬುವನು ೧೫೫೭ರಲ್ಲಿ ತನ್ನ ಬೀಜಗಣಿತದ ಗ್ರಂಥದಲ್ಲಿ ಬಳಕೆಗೆ ತಂದನು. ಅಂದಿನಿಂದ ಗಣಿತದಲ್ಲಿ ಅದರ ಅರ್ಥವು ಎಡಬಲಗಳು ಸಮವೆಂಬುದು. ೧೯೫೭ರ ಫೋರ್ಟ್ರಾನ್ ಭಾಷೆಯಲ್ಲಿ ಇದೇ ಚಿಹ್ನೆಯನ್ನು, ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿನಲ್ಲಿ ಇರಿಸು ಎಂಬ ಬೇರೊಂದು ಅರ್ಥಕ್ಕೆ ತೆಗೆದುಕೊಂಡರು. ೧೯೬೦ರ ಆಲ್ಗಾಲ್ ಭಾಷೆಯವರು ಇದನ್ನೊಪ್ಪದೆ, ಇರಿಸುವುದಕ್ಕೆ ‘:=’ ಎಂದೂ ಸಮತೆಗೆ ‘=’ ಎಂದೂ ವಿಭಾಗಿಸಿದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ರಚಿಸಿದ ‘ಬಿ’ ಎಂಬ ಭಾಷೆಯಲ್ಲಿಯೂ (ಇದು ಮೇಲೆ ಹೇಳಿದ ಬಿ ಅಲ್ಲ), ಅದರಿಂದ ಡೆನಿಸ್ ರಿಚಿ ಬೆಳೆಯಿಸಿದ ಸಿ ಭಾಷೆಯಲ್ಲಿಯೂ ಇರಿಸುವುದಕ್ಕೆ ‘=’ ಎಂದೂ ಸಮತೆಯನ್ನು ಪರೀಕ್ಷಿಸುವುದಕ್ಕೆ ‘==’ ಎಂದೂ ಏರ್ಪಾಡಾಯಿತು. ಹೆಚ್ಚು ಬಾರಿ ಬರೆಯಬೇಕಾದುದಕ್ಕೆ ಚಿಕ್ಕ ಚಿಹ್ನೆ ಇರಲೆಂಬುದೇ ಇದರ ನ್ಯಾಯ. ಪೈಥಾನ್ ಇದನ್ನು ಸಿ ಭಾಷೆಯಿಂದ ಪಡೆಯಿತು.

ಹೀಗಿರುವಲ್ಲಿ, ನಾಲ್ಕುನೂರು ವರ್ಷಗಳ ಗಣಿತಸಂಸ್ಕಾರವನ್ನು ಶಾಲೆಯಲ್ಲಿ ಪಡೆದ ವಿದ್ಯಾರ್ಥಿಯು ‘ಇದು ಸಮವಾಗಿದ್ದರೆ’ ಎನ್ನಬೇಕಾದೆಡೆಯಲ್ಲಿ ಒಂದೇ ‘=’ ಬರೆದರೆ ಅವನನ್ನು ದಡ್ಡನೆನ್ನುವುದು ಹೇಗೆ? ಸಿ ಭಾಷೆಯು ಇಂತಹ ಬರೆಹವನ್ನು ಮೌನವಾಗಿ ಸ್ವೀಕರಿಸಿ ತಪ್ಪು ಫಲವನ್ನು ಕೊಡುತ್ತದೆ. ವಾನ್ ರಾಸಮ್ ಇಲ್ಲಿ ವಿವೇಕದಿಂದ ನಡೆದು, ನಿಬಂಧನೆಯ ಸ್ಥಾನದಲ್ಲಿ ಒಂದೇ ‘=’ ಬಂದರೆ ಅದನ್ನು ದೋಷವೆಂದು ತಡೆಯುವಂತೆ ಮಾಡಿದನು. ನಿಬಂಧನೆಯೊಳಗೇ ಬೆಲೆಯನ್ನು ಇರಿಸುವ ಸೌಕರ್ಯವು ೨೦೧೯ರಲ್ಲಿ ಬಂದಾಗಲೂ, ಈ ಗೊಂದಲವಾಗದಿರಲೆಂದು ಅದಕ್ಕೆ ‘:=’ ಎಂಬ ಬೇರೆಯ ಚಿಹ್ನೆಯನ್ನೇ ಕೊಡಲಾಯಿತು. ಆ ಸೇರ್ಪಡೆಯ ಚರ್ಚೆಯು ಎಷ್ಟು ಕಟುವಾಯಿತೆಂದರೆ, ಅದನ್ನು ಅಂಗೀಕರಿಸಿದ ಬಳಿಕ ವಾನ್ ರಾಸಮ್ ೨೦೧೮ರ ಜುಲೈಯಲ್ಲಿ ಭಾಷೆಯ ಅಧಿಪತ್ಯವನ್ನೇ ತ್ಯಜಿಸಿದನು.

೪. ಭಾಗಾಹಾರದ ವಿವಾದ

ಒಬ್ಬ ವಿದ್ಯಾರ್ಥಿಗೆ ಎರಡು ವಿಷಯಗಳಲ್ಲಿ ೮೫ ಮತ್ತು ೯೦ ಅಂಕಗಳು ಬಂದಿರಲಿ. ಮೊತ್ತವಾದ ೧೭೫ನ್ನು ೨ರಿಂದ ಭಾಗಿಸಿದರೆ ಸರಾಸರಿಯು ೮೭.೫ ಎಂದು ಮಕ್ಕಳೂ ಹೇಳುವರು. ಹಳೆಯ ಪೈಥಾನ್ ಮಾತ್ರ ೮೭ ಎಂದು ಹೇಳುತ್ತಿದ್ದಿತು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರಬೇಕೆಂಬ ಸಿ ಭಾಷೆಯ ಪದ್ಧತಿಯನ್ನು ಅದು ಅನುಸರಿಸಿದುದೇ ಇದಕ್ಕೆ ಕಾರಣ. ಯಾವ ದೋಷವಾಕ್ಯವೂ ಇಲ್ಲದೆ ತಪ್ಪು ಉತ್ತರ ಬರುವುದರಿಂದ ಈ ತೊಡಕು ಎಲ್ಲಕ್ಕಿಂತ ಅಪಾಯಕರವಾಗಿದ್ದಿತು.

ಇದು ಬದಲಾದ ಬಗೆಯು ತಿಳಿಯತಕ್ಕದ್ದಾಗಿದೆ. ೧೯೯೦ರ ದಶಕದಲ್ಲಿ ಅಮೆರಿಕದ ರ‍್ಯಾಂಡಿ ಪೌಶ್ ಎಂಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ‘ಆಲಿಸ್’ ಎಂಬ ತಂತ್ರಾಂಶವು ಸಿದ್ಧವಾಯಿತು. ಪ್ರೋಗ್ರಾಮಿನ ಗಂಧವೇ ಇಲ್ಲದ ವಿದ್ಯಾರ್ಥಿಗಳು ಮೂರು ಆಯಾಮಗಳ ಚಿತ್ರಗಳನ್ನು ಚಲಿಸುವಂತೆ ಮಾಡಲು ಅದರಲ್ಲಿ ಪೈಥಾನನ್ನು ಉಪಯೋಗಿಸಿದರು. ಆ ವಿದ್ಯಾರ್ಥಿಗಳು ಎಲ್ಲೆಲ್ಲಿ ಎಡವುವರೆಂದು ಸಂಶೋಧಕರು ಪಕ್ಕದಲ್ಲಿದ್ದು ಪರೀಕ್ಷಿಸಿದರು. ಎರಡು ತೊಡಕುಗಳು ಎದ್ದುಕಂಡುವು: ಇಂಗ್ಲಿಷ್ ಲಿಪಿಯ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಬೇರೆ ಬೇರೆಯೆಂದೆಣಿಸುವುದು ಒಂದು, ಈ ಭಾಗಾಹಾರವು ಇನ್ನೊಂದು. ಆಲಿಸ್ ತಂಡದವರು ತಮ್ಮ ಪೈಥಾನಿನಲ್ಲಿ ಎರಡನ್ನೂ ತಿದ್ದಿಕೊಂಡರು. ಎಲ್ಲರೂ ಪ್ರೋಗ್ರಾಂ ಕಲಿಯಬೇಕೆಂಬ ಉದ್ದೇಶದ ಯೋಜನೆಯೊಂದನ್ನು ೧೯೯೯ರಲ್ಲಿ ಮುಂದಿಟ್ಟಿದ್ದ ವಾನ್ ರಾಸಮ್‌ನ ಮನಸ್ಸಿಗೆ ಇದು ನಾಟಿತು. ೨೦೦೧ರಲ್ಲಿ ಮೋಶೆ ಜಡ್ಕಾ ಮತ್ತು ಅವನು ಸೇರಿ ‘ಪೆಪ್ ೨೩೮’ ಎಂಬ ಸಲಹಾಪತ್ರವನ್ನು ಬರೆದು, ‘/’ ಎಂಬುದು ನಿಜವಾದ ಭಾಗಾಹಾರವನ್ನೂ ‘//’ ಎಂಬುದು ಪೂರ್ಣಾಂಕದ ಭಾಗಾಹಾರವನ್ನೂ ಸೂಚಿಸಲೆಂದು ವಿಧಿಸಿದರು. ಆ ವರ್ಷದ ಕೊನೆಯಲ್ಲಿ ಹೊರಬಂದ ೨.೨ನೆಯ ಆವೃತ್ತಿಯಲ್ಲಿ ಇದು ಬೇಕಾದವರಿಗೆ ದೊರೆಯಿತು. ೨೦೦೮ರ ಡಿಸೆಂಬರ್ ೩ರಂದು ಬಂದ ೩.೦ರಲ್ಲಿ ಎಲ್ಲರಿಗೂ ನಿಯಮವಾಯಿತು. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವು ಮಾತ್ರ ಇಂದಿಗೂ ಉಳಿದಿದೆ. ನಮ್ಮ ಲಿಪಿಯಲ್ಲಿ ಅಂತಹ ಭೇದವೇ ಇಲ್ಲದಿರುವುದರಿಂದ ಕನ್ನಡದ ಮಕ್ಕಳು ಇದರಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು.

ಇನ್ನು ದಶಾಂಶಗಳ ವಿಷಯ. ೦.೧ಕ್ಕೆ ೦.೨ನ್ನು ಕೂಡಿಸೆಂದರೆ ಪೈಥಾನ್ ೦.೩ ಎನ್ನುವುದಿಲ್ಲ, ಮೂರರ ಮುಂದೆ ೧೫ ಸೊನ್ನೆಗಳನ್ನೂ ಅದರ ಮುಂದೆ ಒಂದು ನಾಲ್ಕನ್ನೂ ಬರೆಯುತ್ತದೆ. ಇದನ್ನು ಕಂಡು ಯಂತ್ರವೇ ಕೆಟ್ಟಿದೆಯೆಂದು ಭ್ರಮಿಸುವವರುಂಟು. ಯಂತ್ರವು ಎಣಿಸುವುದು ಹತ್ತರ ಸ್ಥಾನಗಳಲ್ಲಲ್ಲ, ಎರಡರ ಸ್ಥಾನಗಳಲ್ಲಿ. ಮೂರರಲ್ಲೊಂದು ಭಾಗವನ್ನು ನಾವು ದಶಾಂಶದಲ್ಲಿ ಎಷ್ಟು ಬರೆದರೂ ಹೇಗೆ ಮುಗಿಯುವುದಿಲ್ಲವೋ, ಹಾಗೆಯೇ ಹತ್ತರಲ್ಲೊಂದು ಭಾಗವು ಎರಡರ ಸ್ಥಾನಗಳಲ್ಲಿ ಮುಗಿಯುವುದಿಲ್ಲ. ಎಲ್ಲಿಯೋ ಒಂದು ಕಡೆ ಕತ್ತರಿಸಬೇಕು. ಹೇಗೆ ಕತ್ತರಿಸಬೇಕೆಂಬುದನ್ನು ೧೯೮೫ರಲ್ಲಿ ‘ಐ.ಇ.ಇ.ಇ. ೭೫೪’ ಎಂಬ ಪ್ರಮಾಣಸೂತ್ರವು ನಿರ್ಣಯಿಸಿತು. ಅದರ ರಚನೆಯಲ್ಲಿ ವಿಲಿಯಂ ಕಹಾನ್ ಎಂಬ ಗಣಿತಜ್ಞರ ಪಾತ್ರವು ಪ್ರಧಾನವಾದುದು.

ಎ.ಬಿ.ಸಿ. ಭಾಷೆಯಲ್ಲಿ ಭಿನ್ನರಾಶಿಗಳನ್ನು ಕತ್ತರಿಸದೆ ಪೂರ್ಣವಾಗಿಯೇ ಇಟ್ಟುಕೊಳ್ಳುತ್ತಿದ್ದರು. ಆದರೆ ಅದರಲ್ಲಿ ತನ್ನ ತೆರಿಗೆಯ ಲೆಕ್ಕವನ್ನು ಮಾಡಿದ ವಾನ್ ರಾಸಮ್, ಕೆಲಸವು ಬಹಳ ನಿಧಾನವಾದುದನ್ನು ಕಂಡು ಶೋಧಿಸಲು, ಕೊನೆಗೆ ಎರಡು ದಶಾಂಶಗಳಿಗೆ ಇಳಿಸಬೇಕಾದ ಮೊತ್ತಗಳನ್ನು ಯಂತ್ರವು ಸಾವಿರಾರು ಅಂಕಿಗಳವರೆಗೆ ಹೊತ್ತು ತಿರುಗುತ್ತಿದ್ದಿತೆಂದು ತಿಳಿಯಿತಂತೆ. ಆದುದರಿಂದ ಪೈಥಾನಿನಲ್ಲಿ ಯಂತ್ರಸಹಜವಾದ, ಕತ್ತರಿಸುವ ಕ್ರಮವನ್ನೇ ಇಟ್ಟನು. ಹಣದ ಲೆಕ್ಕದಲ್ಲಿ ಪೈಸೆಯೂ ತಪ್ಪಬಾರದೆನ್ನುವವರಿಗಾಗಿ ೨೦೦೪ರ ೨.೪ನೆಯ ಆವೃತ್ತಿಯಿಂದ ‘ಡೆಸಿಮಲ್’ ಎಂಬ ಉಪಕರಣವು ದೊರೆಯುತ್ತಿದೆ. ಎರಡು ದಶಾಂಶಸಂಖ್ಯೆಗಳು ಸಮವೇ ಎಂದು ‘==’ನಿಂದ ಪರೀಕ್ಷಿಸದೆ, ಅವುಗಳ ಅಂತರವು ಅತ್ಯಲ್ಪವೇ ಎಂದು ಪರೀಕ್ಷಿಸುವುದು ವಿದ್ಯಾರ್ಥಿಗೆ ಹೇಳಬೇಕಾದ ನಿಯಮ.

೫. ಸೊನ್ನೆಯಿಂದ ಎಣಿಕೆ

ಪಟ್ಟಿಯ ಮೊದಲನೆಯ ವಸ್ತುವಿಗೆ ೧ ಎನ್ನದೆ ೦ ಎಂದು ಸ್ಥಾನಸಂಖ್ಯೆ ಕೊಡುವುದೂ, ೧ರಿಂದ ೧೦ರವರೆಗೆ ಎಂದರೆ ೯ಕ್ಕೇ ನಿಲ್ಲುವುದೂ ಎಲ್ಲ ಕಲಿಗರಿಗೂ ವಿಚಿತ್ರವಾಗಿ ತೋರುವುದು. ಎ.ಬಿ.ಸಿ.ಯಲ್ಲಿ ಎಣಿಕೆಯು ೧ರಿಂದಲೇ ಇದ್ದಿತು. ಪೈಥಾನ್ ಸಿ ಭಾಷೆಯಂತೆ ೦ಯಿಂದ ತೊಡಗಿತು. ಇದಕ್ಕೆ ಶಾಸ್ತ್ರೀಯವಾದ ಸಮರ್ಥನೆಯನ್ನು ಡಚ್ ವಿದ್ವಾಂಸ ಎಡ್ಸ್‌ಖರ್ ಡೈಕ್‌ಸ್ಟ್ರಾ ೧೯೮೨ರಲ್ಲಿ ಬರೆದ ಚಿಕ್ಕ ಟಿಪ್ಪಣಿಯೊಂದರಲ್ಲಿ ಕಾಣಬಹುದು. ಮೊದಲ ಅಂಕೆಯನ್ನು ಸೇರಿಸಿಕೊಂಡು ಕೊನೆಯದನ್ನು ಬಿಟ್ಟರೆ, ಎರಡರ ವ್ಯತ್ಯಾಸವೇ ವಸ್ತುಗಳ ಸಂಖ್ಯೆಯಾಗುವುದು. ಒಂದು ಭಾಗವು ಮುಗಿದ ಅಂಕೆಯಲ್ಲೇ ಮುಂದಿನ ಭಾಗವು ತೊಡಗುವುದು. ಸೊನ್ನೆಯಿಂದ ಎಣಿಸುವುದೂ ಈ ಕ್ರಮಕ್ಕೆ ಹೊಂದುವುದು.

ನಮ್ಮವರಿಗೆ ಇದು ಅಪರಿಚಿತವಾದ ಪದ್ಧತಿಯಲ್ಲ. ಪಂಚಾಂಗಗಳಲ್ಲಿಯೂ ಶಾಸನಗಳಲ್ಲಿಯೂ ಶಕವರ್ಷವನ್ನು ಗತವರ್ಷವೆಂದೂ ವರ್ತಮಾನವರ್ಷವೆಂದೂ ಎರಡು ಬಗೆಯಾಗಿ ಎಣಿಸುವುದುಂಟು. ಶಾಸನಗಳ ಕಾಲನಿರ್ಣಯದಲ್ಲಿ ಒಂದು ವರ್ಷದ ಅಂತರವು ಬೀಳುವುದು ಇದರಿಂದಲೇ. ಪೈಥಾನಿನ ಸ್ಥಾನಸಂಖ್ಯೆಯು ಗತಸಂಖ್ಯೆ. ಈ ವಸ್ತುವಿಗಿಂತ ಮುಂಚೆ ಎಷ್ಟು ವಸ್ತುಗಳು ಕಳೆದುವು ಎಂಬುದನ್ನು ಅದು ಹೇಳುತ್ತದೆ. ಮೊದಲನೆಯದರ ಮುಂಚೆ ಯಾವುದೂ ಕಳೆದಿಲ್ಲವಾದುದರಿಂದ ಅದು ಸೊನ್ನೆ. ಹೀಗೆ ವಿವರಿಸಿದರೆ ಮಕ್ಕಳು ಬೇಗನೆ ಗ್ರಹಿಸುವರು.

೬. ವಸ್ತುವೊಂದು, ಹೆಸರೆರಡು

ಒಂದು ಹಾಜರಿಯ ಪಟ್ಟಿಗೆ ‘ಹಳೆಯದು’ ಎಂದು ಹೆಸರಿಟ್ಟು, ಅನಂತರ ‘ಹೊಸದು = ಹಳೆಯದು’ ಎಂದು ಬರೆದು, ಹೊಸದರಿಂದ ಒಂದು ಹೆಸರನ್ನು ತೆಗೆದರೆ ಹಳೆಯದರಲ್ಲಿಯೂ ಅದು ಮಾಯವಾಗುವುದು. ಎರಡು ಪಟ್ಟಿಗಳಿವೆಯೆಂದು ನಂಬಿದ ವಿದ್ಯಾರ್ಥಿಯು ಇದರಿಂದ ಬೆರಗಾಗುವನು. ಪೈಥಾನಿನಲ್ಲಿ ಹೆಸರೆಂಬುದು ವಸ್ತುವನ್ನು ತುಂಬುವ ಪೆಟ್ಟಿಗೆಯಲ್ಲ, ವಸ್ತುವಿಗೆ ಕಟ್ಟಿದ ಚೀಟಿ. ಒಂದೇ ವಸ್ತುವಿಗೆ ಎರಡು ಚೀಟಿಗಳನ್ನು ಕಟ್ಟಿದ ಮಾತ್ರಕ್ಕೆ ವಸ್ತುಗಳು ಎರಡಾಗುವುದಿಲ್ಲ. ಈ ಕ್ರಮವನ್ನು ೧೯೭೦ರ ದಶಕದಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ಸಂಗಡಿಗರು ಅಮೆರಿಕದ ಎಂ.ಐ.ಟಿ.ಯಲ್ಲಿ ರಚಿಸಿದ ‘ಕ್ಲೂ’ ಎಂಬ ಭಾಷೆಯಲ್ಲಿಯೂ ಕಾಣಬಹುದು. ಅಮರಕೋಶವನ್ನು ಬಲ್ಲವರಿಗೆ ಇದು ಸುಲಭವಾದ ವಿಷಯ. ಅಲ್ಲಿ ಒಂದೊಂದು ವಸ್ತುವಿಗೂ ಹತ್ತಾರು ಹೆಸರುಗಳು, ವಸ್ತುವಾದರೋ ಒಂದೇ. ನಿಜವಾಗಿ ಎರಡನೆಯ ಪಟ್ಟಿ ಬೇಕಾದರೆ ‘ಕಾಪಿ’ ಎಂಬ ಆಜ್ಞೆಯಿಂದ ನಕಲನ್ನು ಮಾಡಿಸಿಕೊಳ್ಳಬೇಕು.

೭. ಲಿಪಿಯ ತೊಡಕು

ಇಲ್ಲಿಯವರೆಗೆ ಹೇಳಿದ ತೊಡಕುಗಳು ಎಲ್ಲ ದೇಶದವರಿಗೂ ಸಮಾನವಾದುವು. ಇನ್ನೊಂದು ನಮಗೆ ವಿಶೇಷವಾದುದು. ೧೯೬೩ರಲ್ಲಿ ಏರ್ಪಟ್ಟ ‘ಆಸ್ಕಿ’ ಎಂಬ ಅಕ್ಷರಸಂಕೇತದಲ್ಲಿ ೧೨೮ ಸ್ಥಾನಗಳು ಮಾತ್ರ ಇದ್ದುವು. ಇಂಗ್ಲಿಷಿನ ಹೊರತು ಇತರ ಲಿಪಿಗಳಿಗೆ ಅಲ್ಲಿ ಎಡೆಯಿರಲಿಲ್ಲ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಭಾರತೀಯ ಲಿಪಿಗಳ ಆ ಜೋಡಣೆಗೆ ನಮ್ಮ ದೇಶದ ‘ಇಸ್ಕಿ’ ಎಂಬ ೧೯೮೮ರ ಸಂಕೇತವು ಆಧಾರವಾಯಿತು. ಪೈಥಾನ್ ಯೂನಿಕೋಡನ್ನು ಅರಿತುದು ೨೦೦೦ದ ೨.೦ರಲ್ಲಿ. ಆದರೆ ಆಗ ಹಳೆಯ ಬಗೆಯ ಅಕ್ಷರಮಾಲೆಯೂ ಹೊಸದೂ ಒಟ್ಟೊಟ್ಟಿಗೆ ಇದ್ದು, ಎರಡೂ ಬೆರೆತಾಗ ಪ್ರೋಗ್ರಾಂ ನಿಂತುಬಿಡುತ್ತಿದ್ದಿತು. ೩.೦ರಿಂದ ಮುಂದೆ ಅಕ್ಷರಮಾಲೆಯೆಂದರೆ ಯೂನಿಕೋಡೇ ಆಯಿತು. ಅಲ್ಲಿಂದಾಚೆಗೆ ಕನ್ನಡದಲ್ಲಿ ‘ಮೊತ್ತ’ ಎಂದು ಹೆಸರಿಟ್ಟು ಪ್ರೋಗ್ರಾಂ ಬರೆಯುವುದಕ್ಕೂ ಅಡ್ಡಿಯಿಲ್ಲ.

ಆದರೂ ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಕೇಳಿದರೆ ಪೈಥಾನ್ ೩ ಎನ್ನುವುದಿಲ್ಲ, ೫ ಎನ್ನುವುದು. ಅದು ಎಣಿಸುವುದು ಅಕ್ಷರಗಳನ್ನಲ್ಲ, ಸಂಕೇತಗಳನ್ನು: ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. ವ್ಯಾಕರಣವನ್ನು ಓದಿದವನಿಗೆ ಒತ್ತಕ್ಷರದ ಈ ವಿಭಾಗವು ಅಪೂರ್ವವಲ್ಲ. ಆದರೆ ಮಾತ್ರೆಗಳನ್ನೋ ಅಕ್ಷರಗಳನ್ನೋ ಎಣಿಸುವ ಪ್ರೋಗ್ರಾಮನ್ನು ಬರೆಯಹೊರಟವರು ಇದನ್ನು ಮೊದಲೇ ಅರಿತಿರಬೇಕು. ಅಂಕೆಗಳ ವಿಷಯದಲ್ಲಿ ಮಾತ್ರ ಸಂತೋಷದ ಸಂಗತಿಯೊಂದಿದೆ. ಪ್ರೋಗ್ರಾಮಿನ ಮೈಯಲ್ಲಿ ಕನ್ನಡದ ಅಂಕೆಗಳನ್ನು ಸಂಖ್ಯೆಯಾಗಿ ಬರೆಯಲಾಗದಿದ್ದರೂ, ಉಪಯೋಗಿಸುವವನು ಕೀಲಿಮಣೆಯಿಂದ ‘೨೫’ ಎಂದು ಕೊಟ್ಟರೆ ‘ಇಂಟ್’ ಎಂಬ ಆಜ್ಞೆಯು ಅದನ್ನು ಇಪ್ಪತ್ತೈದೆಂದೇ ಗ್ರಹಿಸುವುದು. ಆ ಆಜ್ಞೆಯನ್ನು ಮರೆತರೆ ಹೊರಗಿನಿಂದ ಬಂದುದೆಲ್ಲವೂ ಅಕ್ಷರಮಾಲೆಯಾಗಿಯೇ ಉಳಿದು, ೫ಕ್ಕೆ ೫ನ್ನು ಕೂಡಿಸಿದಾಗ ೧೦ರ ಬದಲು ೫೫ ಬರುವುದು. ಇದೂ ಹೊಸ ಕಲಿಗರ ಪ್ರಸಿದ್ಧವಾದ ತೊಡಕುಗಳಲ್ಲೊಂದು.

೮. ಎರಡು ಆವೃತ್ತಿಗಳ ನಡುವೆ

ಮೇಲೆ ಹೇಳಿದ ತಿದ್ದುಪಾಟುಗಳನ್ನೆಲ್ಲ ಒಂದೇ ಸಲ ಮಾಡಿದುದರಿಂದ ೩ನೆಯ ಆವೃತ್ತಿಯು ೨ನೆಯದಕ್ಕೆ ಹೊಂದದೆ ಹೋಯಿತು. ಹಳೆಯದರಲ್ಲಿ ‘ಪ್ರಿಂಟ್’ ಎಂಬುದು ಆವರಣವಿಲ್ಲದೆ ಬರೆಯಬಹುದಾದ ವಾಕ್ಯವಾಗಿದ್ದಿತು. ಹೊಸದರಲ್ಲಿ ಆವರಣವು ಕಡ್ಡಾಯ. ಹಳೆಯದನ್ನು ೨೦೧೫ಕ್ಕೆ ನಿಲ್ಲಿಸಬೇಕೆಂದಿದ್ದರೂ ಬಳಕೆದಾರರ ಅನುಕೂಲಕ್ಕಾಗಿ ೨೦೨೦ರ ಜನವರಿ ೧ರವರೆಗೆ ಮುಂದೂಡಿದರು. ಹೀಗೆ ಹನ್ನೊಂದು ವರ್ಷಗಳ ಕಾಲ ಎರಡೂ ಜೊತೆಯಾಗಿ ಬದುಕಿದುವು. ಅದರ ಫಲವಾಗಿ ಹಳೆಯ ಪುಸ್ತಕವನ್ನು ನೋಡಿ ಅಕ್ಷರಶಃ ಬರೆದ ವಿದ್ಯಾರ್ಥಿಯ ಮೊದಲ ಸಾಲೇ ತಪ್ಪೆನಿಸುವುದುಂಟು. ಅವನು ಬರೆದುದು ತಪ್ಪಲ್ಲ. ಪುಸ್ತಕದ ಕಾಲವು ಬೇರೆ. ಆದುದರಿಂದ ಪುಸ್ತಕವನ್ನು ಕೊಳ್ಳುವ ಮುನ್ನ ಅದು ಯಾವ ಆವೃತ್ತಿಗೆ ಬರೆದುದೆಂದು ಹಿರಿಯರು ನೋಡಿಕೊಳ್ಳಬೇಕು.

೯. ದೋಷವಾಕ್ಯಗಳನ್ನು ಓದುವ ಬಗೆ

ಬಹುಕಾಲ ಪೈಥಾನಿನ ದೋಷವಾಕ್ಯಗಳು ಸೂತ್ರಪ್ರಾಯವಾಗಿದ್ದುವು. ಒಂದು ಆವರಣವನ್ನು ಮುಚ್ಚದೆ ಬಿಟ್ಟರೆ, ತಪ್ಪಿಲ್ಲದ ಮುಂದಿನ ಸಾಲನ್ನು ತೋರಿಸಿ ವಾಕ್ಯರಚನೆ ಸರಿಯಿಲ್ಲವೆಂದಷ್ಟೇ ಹೇಳುತ್ತಿದ್ದುವು. ೨೦೨೦ರ ೩.೯ನೆಯ ಆವೃತ್ತಿಯಲ್ಲಿ ವಾಕ್ಯಗಳನ್ನು ಬಿಡಿಸುವ ಯಂತ್ರಭಾಗವನ್ನೇ ಹೊಸದಾಗಿ ರಚಿಸಿದರು. ವಾನ್ ರಾಸಮ್‌ನೊಡನೆ ಪಾಬ್ಲೋ ಗಾಲಿಂದೋ, ಲಿಸಾಂದ್ರೋಸ್ ನಿಕೊಲಾವು ಎಂಬ ತರುಣರು ಇದರಲ್ಲಿ ಸೇರಿದ್ದರು. ಅದರ ಬಲದಿಂದ ೨೦೨೧ರ ೩.೧೦ರಲ್ಲಿ ದೋಷವಾಕ್ಯಗಳು ಬಾಯಿಬಿಟ್ಟು ಮಾತನಾಡತೊಡಗಿದುವು. ಇಂತಹ ಆವರಣವು ಮುಚ್ಚಿಲ್ಲ, ಇಲ್ಲಿ ಕೋಲನ್ ಬೇಕು, ‘=’ ಬದಲು ‘==’ ಇರಬೇಕಾಗಿದ್ದಿತೋ ಎಂದು ಈಗ ಅವು ಕೇಳುತ್ತವೆ. ೨೦೨೨ರ ೩.೧೧ರಲ್ಲಿ ಸಾಲಿನ ಯಾವ ಭಾಗದಲ್ಲಿ ದೋಷವಿದೆಯೆಂಬುದಕ್ಕೂ ಗುರುತು ಬಂದಿತು.

ಈ ವಾಕ್ಯಗಳನ್ನು ಓದುವುದಕ್ಕೆ ಒಂದು ಕ್ರಮವುಂಟು. ಶ್ಲೋ‍ಕಕ್ಕೆ ಅನ್ವಯ ಹೇಳುವಾಗ ಕ್ರಿಯಾಪದವು ಎಲ್ಲಿದ್ದರೂ ಅದನ್ನು ಮೊದಲು ಹುಡುಕುತ್ತೇವೆ. ಅಂತೆಯೇ ಇಲ್ಲಿ ಕೊನೆಯ ಸಾಲನ್ನು ಮೊದಲು ಓದಬೇಕು, ಏನಾಯಿತೆಂಬುದು ಅಲ್ಲಿದೆ. ಅನಂತರ ಮೇಲಕ್ಕೆ ಹೋಗಿ ಎಲ್ಲಿ ಆಯಿತೆಂಬ ಸಾಲಿನ ಸಂಖ್ಯೆಯನ್ನು ನೋಡಬೇಕು. ಆ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಅದರ ಹಿಂದಿನ ಸಾಲನ್ನು ಪರೀಕ್ಷಿಸಬೇಕು. ಈ ವಾಕ್ಯಗಳು ಇಂದಿಗೂ ಇಂಗ್ಲಿಷಿನಲ್ಲಿಯೇ ಇರುವುದರಿಂದ ಕನ್ನಡದಲ್ಲಿ ಓದಿಬಂದ ಮಕ್ಕಳ ಮೇಲೆ ಎರಡು ಭಾರಗಳಿವೆ. ಅವನ್ನು ಇಳಿಸಲು ಒಂದು ಪುಟದ ಟಿಪ್ಪಣಿ ಸಾಕು: ಸಿಂಟ್ಯಾಕ್ಸ್ ಎರರ್ ಎಂದರೆ ವಾಕ್ಯರಚನೆಯ ದೋಷ, ನೇಮ್ ಎರರ್ ಎಂದರೆ ಈ ಹೆಸರನ್ನು ನಾನರಿಯೆ ಎಂಬುದು, ಇದಕ್ಕೆ ಪ್ರಾಯಶಃ ಕಾಗುಣಿತದ ತಪ್ಪೋ ದೊಡ್ಡಕ್ಷರವೋ ಕಾರಣ, ಟೈಪ್ ಎರರ್ ಎಂದರೆ ಬೇರೆ ಬೇರೆ ಜಾತಿಯ ವಸ್ತುಗಳನ್ನು ಹೊಂದದಂತೆ ಬೆರೆಸಿದುದು, ಇಂಡೆಕ್ಸ್ ಎರರ್ ಎಂದರೆ ಪಟ್ಟಿಯ ಎಲ್ಲೆಯನ್ನು ಮೀರಿದ ಸ್ಥಾನಸಂಖ್ಯೆ. ಇಷ್ಟನ್ನು ಮಕ್ಕಳ ಟಿಪ್ಪಣಿಪುಸ್ತಕದ ಮೊದಲ ಪುಟದಲ್ಲಿ ಬರೆಯಿಸಿದರೆ ಅರ್ಧ ಭಯವು ಕಳೆಯುವುದು.

೧೦. ಉಪಸಂಹಾರ

ಸಂಸ್ಕೃತವನ್ನು ಓದಿದವರಲ್ಲಿ ಕೆಲವರು ಕಂಪ್ಯೂಟರಿನ ಮಾತು ಬಂದೊಡನೆ ಪಾಣಿನಿಯನ್ನು ಸ್ಮರಿಸುವುದುಂಟು. ೧೯೬೭ರಲ್ಲಿ ಪೀಟರ್ ಇಂಗರ್‌ಮನ್ ಎಂಬುವರು, ಭಾಷೆಗಳ ವ್ಯಾಕರಣವನ್ನು ಬರೆಯುವ ಬಾಕಸ್ ರೀತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದುದು ನಿಜ. ಆದರೆ ಅಷ್ಟರಿಂದಲೇ ತೃಪ್ತರಾಗುವುದು ಉಚಿತವಲ್ಲ. ಅಷ್ಟಾಧ್ಯಾಯಿಯ ಮೇಲೆ ಕಾತ್ಯಾಯನನ ವಾರ್ತಿಕಗಳೂ ಪತಂಜಲಿಯ ಮಹಾಭಾಷ್ಯವೂ ಬಂದುವೆಂಬುದನ್ನು ನೆನೆಯಬೇಕು. ಸೂತ್ರಕಾರನು ಹೇಳಿದ್ದಾಯಿತೆಂದು ಶಾಸ್ತ್ರವು ಅಲ್ಲಿಗೇ ನಿಲ್ಲಲಿಲ್ಲ. ಸಂದೇಹವನ್ನು ಎತ್ತಿದವರಿಂದ ಅದು ಬೆಳೆಯಿತು. ಪೈಥಾನಿನ ಮೂವತ್ತೈದು ವರ್ಷಗಳ ಚರಿತ್ರೆಯಲ್ಲಿಯೂ ಇದನ್ನೇ ಕಾಣುತ್ತೇವೆ. ಕೋಲನ್ ಹುಟ್ಟಿದುದು ಒಂದು ಪ್ರಶ್ನೆಯಿಂದ. ಭಾಗಾಹಾರವು ತಿದ್ದಿದುದು ಹೊಸ ಕಲಿಗರು ಎಡವಿದುದನ್ನು ಯಾರೋ ಕುಳಿತು ಗಮನಿಸಿದುದರಿಂದ.

ಆದಕಾರಣ ಮನೆಯಲ್ಲಿ ಮಗುವೊಂದು ಯಂತ್ರದ ಮುಂದೆ ಮುಖ ಸಣ್ಣದು ಮಾಡಿಕೊಂಡು ಕುಳಿತಿರುವಾಗ, ನಮಗೆ ಆ ಭಾಷೆಯು ತಿಳಿದಿರಲಿ ಬಿಡಲಿ, ಪಕ್ಕದಲ್ಲಿ ಕುಳಿತು “ಕೊನೆಯ ಸಾಲಿನಲ್ಲಿ ಏನು ಬರೆದಿದೆ? ಓದು ನೋಡೋಣ” ಎಂದು ಕೇಳಬಹುದು. “ನಿನಗೆ ಇದು ಬಾರದು” ಎಂಬ ಮಾತನ್ನು ಮಾತ್ರ ಆಡಬಾರದು. ಯಾವ ತೊಡಕಿಗೆ ಜಗತ್ತಿನ ವಿದ್ವಾಂಸರು ಏಳು ವರ್ಷ ಚರ್ಚಿಸಿ ಪರಿಹಾರವನ್ನು ನೆಲೆಗೊಳಿಸಿದರೋ, ಅದರಲ್ಲಿ ಒಂದು ಸಂಜೆಯನ್ನು ಕಳೆದ ಮಗುವು ದಡ್ಡನಲ್ಲ.